ಸಾಕು ನಾಯಿ, ಬೆಕ್ಕುಗಳಿಗೆ ಲಸಿಕೆ: ಹಾಸನ, ಚಿಕ್ಕಮಗಳೂರು ಭಾಗದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಸಕಲೇಶಪುರದ ತೋಟದ ಮನೆಯಿಂದ ಬಂದವರಿರಲಿ, ಅರಸೀಕೆರೆಯ ಪೇಟೆಬೀದಿಯಿಂದ ಬಂದವರಿರಲಿ, ಮರಿಯನ್ನು ಕಂಕುಳಲ್ಲಿ ಹಿಡಿದುಕೊಂಡು ಪಶು ಆಸ್ಪತ್ರೆಯ ಜಗಲಿಯಲ್ಲಿ ನಿಂತವರು ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ಒಂದು ಇಂಜೆಕ್ಷನ್ ಆಗಿದೆ ಡಾಕ್ಟ್ರೇ.” ಯಾವ ಇಂಜೆಕ್ಷನ್, ಯಾವ ತಾರೀಕಿನಂದು, ಮುಂದಿನದು ಯಾವಾಗ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಲಸಿಕೆಯನ್ನೇ ಕಾಣದ ಮರಿಗಿಂತ ಅರ್ಧಕ್ಕೆ ಬಿಟ್ಟ ಮರಿಯ ಬಗ್ಗೆ ನನಗೆ ಹೆಚ್ಚು ಆತಂಕ. ಏಕೆಂದರೆ ಆ ಮನೆಯವರು ಕೆಲಸ ಮುಗಿಯಿತೆಂಬ ಧೈರ್ಯದಲ್ಲಿರುತ್ತಾರೆ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಈ ಒಂದು ವಿಷಯದ ಸುತ್ತಲೇ ಇವೆ.

ನಮ್ಮ ನಾಯಿ ಕಾಂಪೌಂಡು ದಾಟುವುದಿಲ್ಲ. ಆದರೂ ಲಸಿಕೆ ಬೇಕೆ?

ಬೇಕು. ಮರಿಗಳಿಗೆ ವಾಂತಿ ಭೇದಿ ತಂದು ಕೊಲ್ಲುವ ಪಾರ್ವೊ ವೈರಸ್ ಮನೆಯೊಳಗೆ ಬರಲು ಇನ್ನೊಂದು ನಾಯಿ ಬರಬೇಕಾಗಿಲ್ಲ. ರೋಗದ ನಾಯಿಯ ಮಲ ಮೆಟ್ಟಿದ ಚಪ್ಪಲಿ, ಗಾಡಿಯ ಚಕ್ರ ಅಥವಾ ಗಂಬೂಟು ಸಾಕು. ಈ ವೈರಸ್ ನೆರಳು ಮತ್ತು ತೇವ ಇರುವ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು, ಮಲೆನಾಡಿನ ತೋಟಗಳಲ್ಲಿ ನೆರಳಿಗೂ ತೇವಕ್ಕೂ ಕೊರತೆಯಿಲ್ಲ. ಇಲಿ ಜ್ವರ ತರುವ ಇಲಿಗಳು ಹೇಗೂ ಕಾಂಪೌಂಡಿಗೆ ಬೆಲೆ ಕೊಡುವುದಿಲ್ಲ. ಹುಚ್ಚು ಹಿಡಿದ ಬೀದಿ ನಾಯಿಯೂ ಗೇಟು ತೆರೆದ ಒಂದು ಕ್ಷಣದಲ್ಲಿ ಒಳಗೆ ನುಗ್ಗಿ ಕಚ್ಚಿ ಹೋಗಬಹುದು.

ನಾಯಿಗೆ ಯಾವ ಯಾವ ರೋಗಗಳ ವಿರುದ್ಧ ಲಸಿಕೆ ಹಾಕಿಸಬೇಕು?

ರೇಬೀಸ್ ಅಂದರೆ ಹುಚ್ಚುನಾಯಿ ರೋಗ, ಜ್ವರದಿಂದ ಶುರುವಾಗಿ ನರಗಳಿಗೂ ತಗಲುವ ಡಿಸ್ಟೆಂಪರ್, ಪಾರ್ವೊ ಮತ್ತು ನಾಯಿಗಳಿಗೆ ತಗಲುವ ಅಡಿನೊ ವೈರಸ್‌ನ ಯಕೃತ್ತಿನ ರೋಗ, ಈ ನಾಲ್ಕು ಎಲ್ಲ ನಾಯಿಗಳಿಗೂ ಕಡ್ಡಾಯವೆಂದೇ ತಿಳಿಯಬೇಕು. ಇಲಿ ಜ್ವರವನ್ನು, ಅಂದರೆ ಲೆಪ್ಟೋಸ್ಪೈರೋಸಿಸ್ ಅನ್ನು, ನಮ್ಮ ಭಾಗದಲ್ಲಿ ಐದನೆಯದಾಗಿ ಸೇರಿಸಲೇಬೇಕು. ರೇಬೀಸ್ ಲಸಿಕೆ ಪ್ರತ್ಯೇಕವಾಗಿ ಬರುತ್ತದೆ. ಉಳಿದವು ಸಾಮಾನ್ಯವಾಗಿ ಒಂದೇ ಸಿರಿಂಜಿನಲ್ಲಿ ಸಂಯುಕ್ತ ಲಸಿಕೆಯಾಗಿ ಬರುತ್ತವೆ. ಆದ್ದರಿಂದ “ರೇಬೀಸ್ ಹಾಕಿಸಿದ್ದೇವೆ, ಎಲ್ಲವೂ ಆಯಿತು” ಎನ್ನುವುದೂ ತಪ್ಪು, “ದೊಡ್ಡ ಇಂಜೆಕ್ಷನ್ ಹಾಕಿಸಿದ್ದೇವೆ, ರೇಬೀಸ್ ಅದರಲ್ಲೇ ಇದೆ” ಎನ್ನುವುದೂ ಬಹಳಷ್ಟು ಸಲ ತಪ್ಪು.

ಮರಿಗೆ ಒಂದು ಇಂಜೆಕ್ಷನ್ ಆಗಿದೆ. ಅದನ್ನೇ ಮೂರು ಮೂರು ಸಲ ಏಕೆ ಹಾಕುತ್ತಾರೆ?

ಇದು ಔಷಧದ ಅಂಗಡಿಯವರ ಲಾಭಕ್ಕಾಗಿ ಮಾಡಿದ ಏರ್ಪಾಡು ಎಂದು ಭಾವಿಸಿರುವವರು ಬಹಳ ಮಂದಿ. ಕಾರಣ ಇರುವುದು ತಾಯಿಯ ಹಾಲಿನಲ್ಲಿ. ಹುಟ್ಟಿದ ಮೊದಲ ದಿನ ಮರಿ ಕುಡಿಯುವ ಗಿಣ್ಣುಹಾಲಿನ ಮೂಲಕ ತಾಯಿಯ ದೇಹದಲ್ಲಿರುವ, ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ಮರಿಯ ರಕ್ತಕ್ಕೆ ಸೇರುತ್ತವೆ. ಮೊದಲ ಕೆಲವು ವಾರ ಮರಿಯನ್ನು ಕಾಯುವುದು ಇವೇ. ಆದರೆ ಕಾಯುವ ಈ ಪ್ರತಿಕಾಯಗಳು ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ವೈರಸ್ಸನ್ನೂ ನಿಜವಾದ ಶತ್ರುವೆಂದೇ ತಿಳಿದು ಹೊಡೆದುಹಾಕುತ್ತವೆ. ಹಾಗಾಗಿ ಮರಿಯ ಸ್ವಂತ ರೋಗನಿರೋಧಕ ಶಕ್ತಿ ಪಾಠ ಕಲಿಯುವ ಮೊದಲೇ ಲಸಿಕೆ ವ್ಯರ್ಥವಾಗುತ್ತದೆ. ತಾಯಿಯಿಂದ ಬಂದ ಈ ರಕ್ಷಣೆ ದಿನಕಳೆದಂತೆ ಕರಗುತ್ತದೆ, ಆದರೆ ಎಲ್ಲ ಮರಿಗಳಲ್ಲೂ ಒಂದೇ ವೇಗದಲ್ಲಿ ಅಲ್ಲ. ಒಂದೇ ಸೂಲಿನ ಆರು ಮರಿಗಳಲ್ಲಿ ಒಂದಕ್ಕೆ ಎಂಟು ವಾರಕ್ಕೇ ಮುಗಿದಿರಬಹುದು, ಮತ್ತೊಂದಕ್ಕೆ ಹದಿನಾಲ್ಕು ವಾರ ದಾಟಿದರೂ ಉಳಿದಿರಬಹುದು.

ಇದಕ್ಕಿಂತ ತೊಡಕಿನ ಸಂಗತಿ ಇನ್ನೊಂದಿದೆ. ತಾಯಿಯ ಪ್ರತಿಕಾಯ ಇಳಿಯುತ್ತಾ ಬಂದಾಗ, ರೋಗವನ್ನು ತಡೆಯುವಷ್ಟು ಅದು ಉಳಿದಿರುವುದಿಲ್ಲ, ಲಸಿಕೆಯನ್ನು ಕೆಡಿಸುವಷ್ಟು ಮಾತ್ರ ಇರುತ್ತದೆ ಎನ್ನುವ ಕೆಲವು ದಿನಗಳು ಬರುತ್ತವೆ. ಪಾರ್ವೊ ಮರಿಗಳನ್ನು ಹೆಚ್ಚಾಗಿ ಹೊತ್ತೊಯ್ಯುವುದು ಇಂಥ ದಿನಗಳಲ್ಲಿಯೇ. ಆ ದಿನಗಳು ಯಾವ ಮರಿಗೆ ಯಾವ ವಾರ ಬರುತ್ತವೆಂದು ಹೊರಗಿನಿಂದ ನೋಡಿ ಹೇಳಲು ಸಾಧ್ಯವಿಲ್ಲದ ಕಾರಣ, ಮೂರು ನಾಲ್ಕು ವಾರಗಳ ಅಂತರದಲ್ಲಿ ಲಸಿಕೆಯನ್ನು ಮತ್ತೆ ಮತ್ತೆ ಹಾಕಿ, ಕೊನೆಯ ಡೋಸು ಹದಿನಾರು ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳುತ್ತಾರೆ. ಇವುಗಳಲ್ಲಿ ನಿಜವಾಗಿ ಹಿಡಿಯುವುದು ಎಷ್ಟನೆಯದೋ ತಿಳಿಯದು. ಹಿಡಿಯುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು ಇರುವುದು ಕೊನೆಯದಕ್ಕೆ. ಜನ ತಪ್ಪಿಸುವುದೂ ಅದನ್ನೇ.

ಹಾಗಾದರೆ ಮರಿಯ ಲಸಿಕೆಯ ಕ್ರಮ ಹೇಗಿರಬೇಕು?

ಆರರಿಂದ ಎಂಟು ವಾರದೊಳಗೆ ಸಂಯುಕ್ತ ಲಸಿಕೆಯ ಮೊದಲ ಡೋಸು, ಅಲ್ಲಿಂದ ಮೂರು ನಾಲ್ಕು ವಾರಕ್ಕೊಮ್ಮೆ ಮುಂದಿನವು, ಹದಿನಾರು ವಾರಕ್ಕೆ ಅಥವಾ ಅದಾದ ಮೇಲೆ ಕೊನೆಯದು. ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ. ನಮ್ಮಲ್ಲಿ ಅನೇಕ ವೈದ್ಯರು ಒಂದು ತಿಂಗಳ ನಂತರ ಅದನ್ನು ಇನ್ನೊಮ್ಮೆ ಹಾಕುತ್ತಾರೆ, ಇದು ಒಳ್ಳೆಯ ರೂಢಿ. ಆರು ತಿಂಗಳಿಂದ ಒಂದು ವರ್ಷದೊಳಗೆ ಸಂಯುಕ್ತ ಲಸಿಕೆಯ ಬೂಸ್ಟರ್, ಅಂದರೆ ರಕ್ಷಣೆಯನ್ನು ಗಟ್ಟಿಮಾಡುವ ಮರುಡೋಸು, ಹಾಕಿಸಬೇಕು. ಜಂತುಹುಳುವಿನ ಔಷಧವನ್ನು ಎರಡು ವಾರದ ವಯಸ್ಸಿನಿಂದಲೇ ಆರಂಭಿಸಿರಬೇಕು. ಹೊಟ್ಟೆ ತುಂಬ ಹುಳುವಿರುವ ಬಡಕಲು ಮರಿಗೆ ಲಸಿಕೆ ಚೆನ್ನಾಗಿ ಹಿಡಿಯುವುದಿಲ್ಲ.

ಈ ಅವಧಿ ಮುಗಿಯುವವರೆಗೆ ಮರಿಯನ್ನು ಸಂತೆಗೆ, ಬಸ್‌ಸ್ಟ್ಯಾಂಡಿಗೆ, ಬೇರೆ ನಾಯಿಗಳು ಓಡಾಡುವ ಬೀದಿಗೆ ಇಳಿಸಬಾರದು. ಹಾಗೆಂದು ಕತ್ತಲ ಕೋಣೆಯಲ್ಲಿ ಕೂಡಿಹಾಕುವುದೂ ಬೇಡ. ಎತ್ತಿಕೊಂಡು ತಿರುಗಾಡಿಸಿ, ಜನರನ್ನೂ ವಾಹನಗಳ ಸದ್ದನ್ನೂ ಪರಿಚಯ ಮಾಡಿಸಬಹುದು. ಈ ವಯಸ್ಸಿನಲ್ಲಿ ಏನನ್ನೂ ನೋಡದೆ ಬೆಳೆದ ನಾಯಿ ಮುಂದೆ ಎಲ್ಲದಕ್ಕೂ ಹೆದರಿ ಕಚ್ಚುತ್ತದೆ.

ಹೇಳಿದ ತಾರೀಕು ತಪ್ಪಿಹೋಯಿತು. ಮತ್ತೆ ಮೊದಲಿನಿಂದ ಶುರುಮಾಡಬೇಕೆ?

ವಾರ ಹತ್ತು ದಿನ ತಡವಾಗಿದ್ದರೆ ತೊಂದರೆಯಿಲ್ಲ, ತಕ್ಷಣ ಹಾಕಿಸಿ ಮುಂದುವರಿಯಿರಿ. ಆರು ವಾರಕ್ಕಿಂತ ಹೆಚ್ಚು ಅಂತರ ಬಿದ್ದಿದ್ದರೆ ಸಾಮಾನ್ಯವಾಗಿ ಎರಡು ಡೋಸುಗಳನ್ನು ಹೊಸದಾಗಿ ಹಾಕಲು ವೈದ್ಯರು ಹೇಳುತ್ತಾರೆ, ಅದರಲ್ಲೂ ಇಲಿ ಜ್ವರದ ಲಸಿಕೆಗೆ. ಮಳೆ, ಕಾಫಿ ಕೊಯ್ಲು, ಮನೆಯ ಮದುವೆ ಎಂಬ ಕಾರಣಗಳು ನಮಗೆ ಅರ್ಥವಾಗುತ್ತವೆ, ವೈರಸ್ಸಿಗೆ ಅರ್ಥವಾಗುವುದಿಲ್ಲ.

ಫೈವ್ ಇನ್ ಒನ್, ಸೆವೆನ್ ಇನ್ ಒನ್, ನೈನ್ ಇನ್ ಒನ್ ಎನ್ನುತ್ತಾರೆ. ಹೆಚ್ಚಿನ ಸಂಖ್ಯೆಯದೇ ಒಳ್ಳೆಯದೆ?

ಸಂಖ್ಯೆ ನೋಡಿ ಆರಿಸಬೇಕಾಗಿಲ್ಲ. ಸಂಖ್ಯೆ ಏರುವುದು ಹೆಚ್ಚಾಗಿ ಇಲಿ ಜ್ವರದ ಬ್ಯಾಕ್ಟೀರಿಯಾದ ಒಂದೊಂದು ಬಗೆಯನ್ನೂ ಬಿಡಿಬಿಡಿಯಾಗಿ ಎಣಿಸುವುದರಿಂದ, ಇಲ್ಲವೇ ನಾಯಿಗಳ ಕೊರೋನಾ ವೈರಸ್ ಲಸಿಕೆಯನ್ನು ಸೇರಿಸುವುದರಿಂದ. ಈ ಕೊರೋನಾ ವೈರಸ್ ಕೋವಿಡ್‌ನದಲ್ಲ. ಮರಿಗಳಲ್ಲಿ ಸಾಮಾನ್ಯವಾಗಿ ಸಣ್ಣ ಪ್ರಮಾಣದ ಭೇದಿ ತರುವಂಥದ್ದು, ಅದರ ಲಸಿಕೆಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಶಿಫಾರಸು ಮಾಡುವುದಿಲ್ಲ. ಹಾಗಾಗಿ ಎಷ್ಟು ರೋಗ ಎಂದು ಕೇಳುವ ಬದಲು “ಇದರಲ್ಲಿ ಇಲಿ ಜ್ವರದ ಎಷ್ಟು ಬಗೆಗಳಿವೆ” ಎಂದು ಕೇಳಿದರೆ ಹೆಚ್ಚು ಉಪಯೋಗ.

ಇಲಿ ಜ್ವರದ ಲಸಿಕೆಗೆ ಮಲೆನಾಡಿನಲ್ಲಿ ಇಷ್ಟು ಒತ್ತು ಏಕೆ?

ಇಲಿ, ಹೆಗ್ಗಣಗಳ ಮೂತ್ರದಲ್ಲಿ ಹೊರಬರುವ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾ ನಿಂತ ನೀರಿನಲ್ಲಿ, ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಜೀವಂತವಾಗಿರುತ್ತದೆ. ಚರ್ಮದ ಸಣ್ಣ ಗಾಯ, ಕಣ್ಣು, ಬಾಯಿಯ ಒಳಪದರಗಳ ಮೂಲಕ ದೇಹ ಸೇರಿ ಮೂತ್ರಪಿಂಡ ಮತ್ತು ಯಕೃತ್ತನ್ನು ಹಾಳುಮಾಡುತ್ತದೆ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆಯ ನಾಯಿಯ ದಿನಚರಿಯನ್ನು ಒಮ್ಮೆ ನೆನಪಿಸಿಕೊಳ್ಳಿ: ಬೆಳಗ್ಗೆ ಕಾಫಿ ತೋಟದ ಚರಂಡಿ, ಮಧ್ಯಾಹ್ನ ಗದ್ದೆಯ ಬದು, ಸಂಜೆ ಉಗ್ರಾಣದ ಹಿಂದೆ ಇಲಿ ಬೇಟೆ, ಬಾಯಾರಿದರೆ ಹೊಂಡದ ನೀರು. ಇಂಥ ನಾಯಿಗೆ ಇದು ಐಚ್ಛಿಕ ಲಸಿಕೆಯಲ್ಲ.

ರೋಗ ತಗುಲಿದ ನಾಯಿಯ ಮೂತ್ರದಿಂದ ಮನುಷ್ಯರಿಗೂ ಅದು ಹರಡುತ್ತದೆ. ಒದ್ದೆಯಾದ ಕೊಟ್ಟಿಗೆಯನ್ನು ಬರಿಗಾಲಲ್ಲಿ ತೊಳೆಯುವವರಿಗೆ ಅಪಾಯ ಹೆಚ್ಚು. ಲಸಿಕೆಯ ರಕ್ಷಣೆ ಒಂದು ವರ್ಷದ ಆಸುಪಾಸಿಗೆ ಇಳಿಯುವುದರಿಂದ ಇದನ್ನು ಪ್ರತಿವರ್ಷ ಹಾಕಿಸಲೇಬೇಕು, ಮೊದಲ ವರ್ಷ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸು ಕಡ್ಡಾಯ. ಬ್ಯಾಕ್ಟೀರಿಯಾದ ಎಲ್ಲ ಬಗೆಗಳನ್ನೂ ಲಸಿಕೆ ತಡೆಯುವುದಿಲ್ಲ ಎಂಬುದೂ ನಿಜ. ಆದ್ದರಿಂದ ಲಸಿಕೆ ಹಾಕಿಸಿದ ನಾಯಿಗೂ ಜ್ವರ, ವಾಂತಿ, ಕಣ್ಣು ಹಳದಿಯಾಗುವುದು ಕಂಡುಬಂದರೆ ತಡಮಾಡಬಾರದು. ನನ್ನ ಸಲಹೆಯೆಂದರೆ ವರ್ಷದ ಡೋಸನ್ನು ಏಪ್ರಿಲ್, ಮೇ ತಿಂಗಳಿಗೆ ಇಟ್ಟುಕೊಳ್ಳಿ. ಮೃಗಶಿರಾ ಮಳೆ ಹಿಡಿಯುವ ಮೊದಲೇ ರಕ್ಷಣೆ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ದಾರಿ ಕಟ್ಟಿಹೋಗುವ ತೋಟಗಳವರಿಗೆ ಪೇಟೆಗೆ ಬರುವ ತಾಪತ್ರಯವೂ ತಪ್ಪುತ್ತದೆ.

ದೊಡ್ಡ ನಾಯಿಗೆ ಎಲ್ಲ ಲಸಿಕೆಯನ್ನೂ ಪ್ರತಿವರ್ಷ ಹಾಕಿಸಬೇಕೆ?

ಡಿಸ್ಟೆಂಪರ್, ಪಾರ್ವೊ, ಅಡಿನೊ ವೈರಸ್‌ಗಳ ಲಸಿಕೆ ಮರಿಯಿದ್ದಾಗ ಸರಿಯಾಗಿ ಪೂರ್ಣಗೊಂಡಿದ್ದರೆ ಅದರ ರಕ್ಷಣೆ ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಆದರೆ ಇಲಿ ಜ್ವರದ ಭಾಗ ವರ್ಷಕ್ಕೊಮ್ಮೆ ಬೇಕು. ಅದು ಬಿಡಿಯಾಗಿ ಸಿಗದ ಕಡೆ ಸಂಯುಕ್ತ ಲಸಿಕೆಯನ್ನೇ ವರ್ಷಕ್ಕೊಮ್ಮೆ ಹಾಕುವ ವಾಡಿಕೆಯಿದೆ, ಅದರಿಂದ ಹಾನಿಯೇನಿಲ್ಲ. ರೇಬೀಸ್ ಲಸಿಕೆಯ ಕೆಲವು ಬ್ರಾಂಡುಗಳು ಮೂರು ವರ್ಷದ ರಕ್ಷಣೆ ಹೇಳಿದರೂ, ಬೀದಿ ನಾಯಿಗಳಲ್ಲಿ ರೋಗ ಇನ್ನೂ ಇರುವ ನಮ್ಮಲ್ಲಿ ವರ್ಷಕ್ಕೊಮ್ಮೆ ಹಾಕಿಸುವ ಪದ್ಧತಿಯನ್ನು ಸಡಿಲಿಸಲು ನನಗಂತೂ ಮನಸ್ಸಿಲ್ಲ.

ನಮ್ಮ ನಾಯಿಗೆ ರೇಬೀಸ್ ಲಸಿಕೆ ಆಗಿದೆ. ಅದು ಮಗುವನ್ನು ಕಚ್ಚಿದರೆ ಮಗುವಿಗೆ ಇಂಜೆಕ್ಷನ್ ಬೇಡವಲ್ಲವೆ?

ಬೇಕು. ನಾಯಿಗೆ ಲಸಿಕೆ ಹಾಕಿದ್ದು ನಿಜವಾಗಿಯೂ ಹಿಡಿದಿದೆ ಎಂಬುದಕ್ಕೆ ಲಸಿಕೆ ಕಾರ್ಡಿನ ಸಹಿ ಖಾತರಿಯಲ್ಲ. ರೇಬೀಸ್ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಉಳಿಸಿಕೊಳ್ಳುವ ಚಿಕಿತ್ಸೆ ಇಲ್ಲ, ಸಾವು ಬಹುತೇಕ ಖಚಿತ. ಆದ್ದರಿಂದ ಇಲ್ಲಿ ಲೆಕ್ಕಾಚಾರಕ್ಕೆ ಜಾಗವಿಲ್ಲ. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಪೂರ್ತಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ, ಏಕೆಂದರೆ ಅಳುವ ಮಗುವಿನ ಕಾಲು ಹಿಡಿದವರಿಗೆ ಎರಡು ನಿಮಿಷವೇ ಹದಿನೈದರಂತೆ ತೋರುತ್ತದೆ. ಸುಣ್ಣ, ಅರಿಶಿನ, ಮೆಣಸಿನ ಪುಡಿ, ನಮ್ಮ ಜಿಲ್ಲೆಗಳಲ್ಲಿ ಕೈಗೆ ಮೊದಲು ಸಿಗುವ ಕಾಫಿ ಪುಡಿ, ಯಾವುದನ್ನೂ ಗಾಯಕ್ಕೆ ತುಂಬಬಾರದು.

ಆಮೇಲೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು; ಅಲ್ಲಿ ಲಸಿಕೆ ಉಚಿತ. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲಾಬುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ಕೂಡ ಕೊಡಬೇಕಾಗುತ್ತದೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹೆದರಿಕೆಯಿಂದ ಇಂದಿಗೂ ಆಸ್ಪತ್ರೆ ತಪ್ಪಿಸುವ ಹಿರಿಯರಿದ್ದಾರೆ. ಆ ಹಳೆಯ ಲಸಿಕೆ ನಿಂತು ಎಷ್ಟೋ ವರ್ಷಗಳಾದವು. ಈಗ ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಹಾಕುವ ಕ್ರಮದಲ್ಲಿ 0, 3, 7 ಮತ್ತು 28ನೆಯ ದಿನ ಎಂದು ನಾಲ್ಕು ಭೇಟಿ ಸಾಕು. ಇಲ್ಲಿಯೂ ಮೊದಲೆರಡು ಹಾಕಿಸಿ ನಿಲ್ಲಿಸುವವರು ಇದ್ದಾರೆ, ಮಾಡಬೇಡಿ.

ನಾಯಿಯನ್ನು ಕೊಲ್ಲಬಾರದು, ಓಡಿಸಲೂಬಾರದು. ಕಟ್ಟಿಹಾಕಿ 10 ದಿನ ಗಮನಿಸಬೇಕು. ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಅಷ್ಟರೊಳಗೆ ಅದು ಕಾಯಿಲೆ ಬಿದ್ದು ಸಾಯುತ್ತದೆ. ಆರೋಗ್ಯವಾಗಿಯೇ ಉಳಿದರೆ ಮುಂದೇನೆಂದು ಮಗುವಿನ ವೈದ್ಯರು ನಿರ್ಧರಿಸುತ್ತಾರೆ. ಎರಡು ತಿಂಗಳ ಪುಟ್ಟ ಮರಿಯ ಹಲ್ಲು ತಾಗಿದ್ದನ್ನು “ಆಟಕ್ಕೆ ಕಚ್ಚಿದ್ದು” ಎಂದು ಬಿಡುವುದೂ ತಪ್ಪು. ಮರಿಗಳಿಗೂ ರೇಬೀಸ್ ಬರುತ್ತದೆ, ಬೀದಿಯಿಂದ ತಂದ ಮರಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ.

ನಮ್ಮ ನಾಯಿಯನ್ನೇ ಬೇರೆ ನಾಯಿ ಕಚ್ಚಿದರೆ?

ಗಾಯವನ್ನು ಅದೇ ರೀತಿ ತೊಳೆಯಿರಿ, ಆದರೆ ಕೈಗವಸು ಹಾಕಿಕೊಂಡು. ಮೊದಲೇ ಲಸಿಕೆ ಆಗಿದ್ದರೂ ತಡಮಾಡದೆ ಬೂಸ್ಟರ್ ಹಾಕಿಸಬೇಕು. ಲಸಿಕೆಯೇ ಆಗಿರದ ನಾಯಿಯಾದರೆ ಕಚ್ಚಿದ ಮೇಲೆ ಹಾಕುವ ಹಲವು ಡೋಸುಗಳ ಕ್ರಮವಿದೆ, ಜೊತೆಗೆ ತಿಂಗಳುಗಳ ಕಾಲ ಪ್ರತ್ಯೇಕವಾಗಿ ಇಟ್ಟು ನೋಡಬೇಕು. ಕಾಡಂಚಿನ ತೋಟಗಳಲ್ಲಿ ನರಿ, ಮುಂಗುಸಿ ಕಚ್ಚಿದ್ದನ್ನೂ ನಾಯಿ ಕಚ್ಚಿದಂತೆಯೇ ಪರಿಗಣಿಸಬೇಕು. ಹಸು, ಎಮ್ಮೆಗಳನ್ನು ಕಚ್ಚಿದ್ದರೂ ಇದೇ ಮಾತು. ಅವುಗಳಿಗೂ ಲಸಿಕೆ ಉಂಟು.

ಬೆಕ್ಕಿಗೂ ಲಸಿಕೆ ಬೇಕೆ?

ಬೇಕು, ಮತ್ತು ನಮ್ಮಲ್ಲಿ ಅತ್ಯಂತ ಕಡೆಗಣಿಸಲ್ಪಟ್ಟ ಪ್ರಾಣಿ ಇದೇ. ಉಗ್ರಾಣದ ಇಲಿ ಹಿಡಿಯಲು ಬೆಕ್ಕನ್ನು ಇಟ್ಟುಕೊಂಡ ಮನೆಗಳಲ್ಲಿ ನಾಯಿಗೆ ಕಾರ್ಡು ಇರುತ್ತದೆ, ಬೆಕ್ಕಿಗೆ ಹೆಸರೂ ಇರುವುದಿಲ್ಲ. ಬೆಕ್ಕಿಗೆ ಮೂರು ರೋಗಗಳ ಸಂಯುಕ್ತ ಲಸಿಕೆಯೊಂದು, ರೇಬೀಸ್ ಲಸಿಕೆಯೊಂದು ಇದೆ. ಮೊದಲನೆಯದನ್ನು ಎಂಟನೆಯ ವಾರದಿಂದ ಶುರುಮಾಡಿ ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೆ, ನಂತರ ಆರು ತಿಂಗಳಿಂದ ವರ್ಷದೊಳಗೆ ಒಮ್ಮೆ ಹಾಕಿಸಬೇಕು. ಅದು ತಡೆಯುವ ಪ್ಯಾನ್‌ಲ್ಯೂಕೋಪೀನಿಯಾ ಎಂಬುದು ಪಾರ್ವೊದ ಹತ್ತಿರದ ಬಂಧು; ಮರಿಗಳು ವಾಂತಿ ಭೇದಿಯಿಂದ ಒಂದೆರಡು ದಿನದಲ್ಲೇ ಸಾಯುತ್ತವೆ, ಮನೆಯವರು ಯಾರೋ ವಿಷ ಹಾಕಿದರೆಂದು ನೆರೆಮನೆಯವರನ್ನು ಶಂಕಿಸುತ್ತಾರೆ. ಉಳಿದೆರಡು ಬೆಕ್ಕಿನ ಶೀತ ರೋಗದ ವೈರಸ್‌ಗಳು. ಲಸಿಕೆ ಇವುಗಳನ್ನು ಪೂರ್ತಿ ತಡೆಯದಿದ್ದರೂ ತೀವ್ರತೆಯನ್ನು ತಗ್ಗಿಸುತ್ತದೆ.

ಬೆಕ್ಕಿನ ಕಚ್ಚು, ಪರಚುಗಳಿಂದಲೂ ರೇಬೀಸ್ ಬರುತ್ತದೆ ಎಂಬುದನ್ನು ಮರೆಯಬಾರದು. ಬೆಕ್ಕಿಗೆ ಇಂಜೆಕ್ಷನ್ ಹಾಕಿದ ಜಾಗದಲ್ಲಿ ಗಂಟು ಮೂರು ತಿಂಗಳಾದರೂ ಕರಗದಿದ್ದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ ಅಥವಾ ಒಂದು ತಿಂಗಳ ನಂತರವೂ ಬೆಳೆಯುತ್ತಿದ್ದರೆ ತೋರಿಸಿ. ಅಪರೂಪವಾಗಿ ಅದು ಕ್ಯಾನ್ಸರ್ ಗಡ್ಡೆಯಾಗುವುದುಂಟು.

ನಾಟಿ ನಾಯಿಗೆ ಏನೂ ಆಗುವುದಿಲ್ಲ, ಜಾತಿ ನಾಯಿಗೆ ಮಾತ್ರ ಲಸಿಕೆ ಎನ್ನುತ್ತಾರಲ್ಲ?

ನಾವು ನೋಡುವುದು ಬದುಕಿ ಉಳಿದ ನಾಟಿ ನಾಯಿಯನ್ನು. ಅದರ ಜೊತೆಗೆ ಹುಟ್ಟಿ, ತೋಟದ ಕೆಲಸಗಾರರ ಲೈನ್ ಮನೆಯ ಹಿಂದೆ ಮಳೆಗಾಲದಲ್ಲಿ ಸತ್ತುಹೋದ ನಾಲ್ಕೈದು ಮರಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರೇಬೀಸ್ ವಿಷಯದಲ್ಲಿ ತಳಿ ಎಂಬುದೇ ಇಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ಶೇ. 70ರಷ್ಟಕ್ಕೆ ಲಸಿಕೆ ಬಿದ್ದರೆ ರೋಗ ಹರಡುವ ಸರಪಳಿ ಮುರಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಲ್ಯಾಬ್ರಡಾರುಗಳಿಗೆ ಮಾತ್ರ ಹಾಕಿಸಿ ಆ ಸಂಖ್ಯೆಯನ್ನು ಮುಟ್ಟಲಾಗದು.

ಔಷಧದ ಅಂಗಡಿಯಿಂದ ತಂದು ನಾವೇ ಚುಚ್ಚಿದರೆ ಆಗದೆ?

ಆಗದು. ಲಸಿಕೆಯನ್ನು ತಯಾರಾದಲ್ಲಿಂದ ಚುಚ್ಚುವವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಅಂಗಿಯ ಜೇಬಿನಲ್ಲಿ ವಯಲ್ ಇಟ್ಟುಕೊಂಡು ಬಸ್ಸಿನಲ್ಲಿ ಎರಡು ಗಂಟೆ ಪ್ರಯಾಣ ಮಾಡಿ ಬಂದವರನ್ನು ನೋಡಿದ್ದೇನೆ; ಆ ಸೀಸೆಯಲ್ಲಿ ಉಳಿದಿದ್ದು ನೀರಷ್ಟೇ ಎಂದರೆ ಹೆಚ್ಚಲ್ಲ. ಕೆಟ್ಟ ಲಸಿಕೆ ಬಣ್ಣ ಬದಲಿಸಿ ಸುಳಿವು ಕೊಡುವುದಿಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಲಸಿಕೆಯನ್ನು ಹೇಗೆ ಇಟ್ಟಿದ್ದೀರಿ ಎಂದು ವೈದ್ಯರನ್ನೇ ಕೇಳುವುದೂ ತಪ್ಪಲ್ಲ. ಸೀಸೆಯ ಮೇಲಿನ ಚೀಟಿಯನ್ನು ಕಾರ್ಡಿಗೆ ಅಂಟಿಸಿಕೊಳ್ಳಿ.

ಲಸಿಕೆ ಹಾಕಿದ ಮೇಲೆ ಏನೇನಾಗಬಹುದು? ಸ್ನಾನ, ಪಥ್ಯ ಇದೆಯೆ?

ಒಂದೆರಡು ದಿನ ಸಣ್ಣ ಜ್ವರ, ಮಂಕುತನ, ಚುಚ್ಚಿದ ಕಡೆ ಊತ ಸಾಮಾನ್ಯ. ಮುಖ ಊದಿಕೊಳ್ಳುವುದು, ಮೈಮೇಲೆ ಗಂಧೆ ಏಳುವುದು, ಏದುಸಿರು, ಮೇಲಿಂದ ಮೇಲೆ ವಾಂತಿ, ಕುಸಿದು ಬೀಳುವುದು ಅಲರ್ಜಿಯ ಲಕ್ಷಣಗಳು. ಅಪರೂಪ, ಆದರೆ ಬಂದರೆ ಬೇಗ ಬರುತ್ತವೆ. ಅದಕ್ಕೇ ಲಸಿಕೆಯಾದ ಮೇಲೆ ಅರ್ಧ ಗಂಟೆ ಆಸ್ಪತ್ರೆಯ ಬಳಿಯಲ್ಲೇ ಇರಿ. ಊಟಕ್ಕೆ ಪಥ್ಯವಿಲ್ಲ, ಮೊಟ್ಟೆ ಮಾಂಸ ಎಲ್ಲವೂ ಆಗಬಹುದು. ಸ್ನಾನ ಮಾಡಿಸಿದರೆ ಲಸಿಕೆ ತೊಳೆದುಹೋಗುವುದಿಲ್ಲ, ಆದರೂ ಜುಲೈ ತಿಂಗಳ ಚಳಿಯಲ್ಲಿ ಮೈ ಬಿಸಿಯಿರುವ ಮರಿಗೆ ನೀರು ಹುಯ್ಯುವ ಆತುರವೇನು? ಜ್ವರಕ್ಕೆಂದು ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ. ಬೆಕ್ಕಿಗಂತೂ ಅದು ವಿಷ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಗಬ್ಬದ ನಾಯಿಗೆ ಹಾಕಿಸಬಹುದೆ?

ಸಂಯುಕ್ತ ಲಸಿಕೆಯಲ್ಲಿ ಜೀವಂತ ವೈರಸ್‌ಗಳಿರುವುದರಿಂದ ಗಬ್ಬದಲ್ಲಿ ಹಾಕುವುದಿಲ್ಲ. ನಾಯಿ ಬೆದೆಗೆ ಬರುವ ಮೊದಲೇ ಹಾಕಿಸಿದ್ದರೆ ಗಿಣ್ಣುಹಾಲಿನ ರಕ್ಷಣೆ ಮರಿಗಳಿಗೂ ಚೆನ್ನಾಗಿ ಸಿಗುತ್ತದೆ.

ಮೊದಲಿನ ಮರಿ ಪಾರ್ವೊದಿಂದ ಸತ್ತಿತು. ಹೊಸ ಮರಿ ತರಬಹುದೆ?

ತಂದರೆ ಲಸಿಕೆ ಪೂರ್ತಿಯಾಗಿರುವುದನ್ನೇ ತನ್ನಿ. ನೆಲ ಒರೆಸುವ ಫಿನಾಯಿಲಿಗೆ ಈ ವೈರಸ್ ಸಾಯುವುದಿಲ್ಲ. ಮಲ, ಮಣ್ಣನ್ನೆಲ್ಲ ಮೊದಲು ತೊಳೆದು, ಮನೆ ಬಳಕೆಯ ಬ್ಲೀಚ್ ದ್ರಾವಣದ ಒಂದು ಪಾಲಿಗೆ ಮೂವತ್ತು ಪಾಲು ನೀರು ಸೇರಿಸಿ ಹತ್ತು ನಿಮಿಷ ನೆನೆಯಲು ಬಿಡಬೇಕು. ಹಳೆಯ ಗೋಣಿತಾಟು, ಊಟದ ತಟ್ಟೆ ಎಸೆದುಬಿಡಿ. ತೋಟದ ಮಣ್ಣನ್ನು ಹೀಗೆ ತೊಳೆಯಲಾಗದು, ಆ ಜಾಗಕ್ಕೆ ಮರಿಯನ್ನು ಬಿಡದಿರುವುದೊಂದೇ ದಾರಿ.

ಉಣುಗಿನ ಜ್ವರಕ್ಕೆ, ಮಂಗನ ಕಾಯಿಲೆಗೆ ನಾಯಿಗೆ ಲಸಿಕೆ ಇದೆಯೆ?

ಉಣುಗು ಹರಡುವ ಎರ್ಲಿಕಿಯಾ, ಬೆಬೀಸಿಯಾ ರೋಗಗಳಿಗೆ ನಮ್ಮಲ್ಲಿ ಹಾಕುವ ಲಸಿಕೆಗಳಲ್ಲಿ ಯಾವುದೂ ಉಪಯೋಗವಿಲ್ಲ. ಉಣುಗು ನಿಯಂತ್ರಣವೇ ಮದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಅದಕ್ಕೆ ನಾಯಿಯ ಲಸಿಕೆ ಇಲ್ಲ; ಅದೂ ಉಣುಗಿನಿಂದಲೇ ಹರಡುವುದರಿಂದ, ಉಣುಗು ಅಂಟಿದೆಯೇ ಎಂದು ಕಾಡು ಸುತ್ತಿ ಬಂದ ನಾಯಿಯ ಮೈಯನ್ನು, ಮುಖ್ಯವಾಗಿ ಕಿವಿ ಮತ್ತು ಬೆರಳ ಸಂದುಗಳನ್ನು, ಒಳಗೆ ಬಿಡುವ ಮೊದಲು ನೋಡಬೇಕು.

ಎಲ್ಲಿ ಹಾಕಿಸಬಹುದು?

ತಾಲ್ಲೂಕು ಮತ್ತು ಹೋಬಳಿಗಳ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ವಿಚಾರಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಹಲವು ಕಡೆ ರೇಬೀಸ್ ಲಸಿಕೆಯನ್ನು ಉಚಿತವಾಗಿ ಹಾಕುತ್ತಾರೆ. ಸಂಯುಕ್ತ ಲಸಿಕೆ ಬೇಕಾದರೆ ಹೋಗುವ ಮೊದಲು ಫೋನು ಮಾಡಿ, ದಾಸ್ತಾನು ಇದೆಯೇ ಎಂದು ಕೇಳಿಕೊಳ್ಳುವುದು ಕ್ಷೇಮ.

ಕಾರ್ಡು ಕಳೆದುಹೋಗಿದೆ. ಹಾಕಿಸಿದ್ದು ನೆನಪಿದೆ, ಯಾವುದೆಂದು ನೆನಪಿಲ್ಲ. ಏನು ಮಾಡುವುದು?

ಹಾಕಿಸಿಯೇ ಇಲ್ಲವೆಂದು ತಿಳಿದು ಹೊಸದಾಗಿ ಆರಂಭಿಸಿ. ಆರೋಗ್ಯವಂತ ನಾಯಿಗೆ ಒಂದು ಡೋಸು ಹೆಚ್ಚಾದರೆ ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲ. ಹದಿನಾರು ವಾರ ದಾಟಿದ ನಾಯಿಗೆ ಮರಿಯಷ್ಟು ಡೋಸುಗಳೂ ಬೇಕಾಗುವುದಿಲ್ಲ: ಸಂಯುಕ್ತ ಲಸಿಕೆ ಮೂರು ನಾಲ್ಕು ವಾರದ ಅಂತರದಲ್ಲಿ ಎರಡು ಸಲ, ರೇಬೀಸ್ ಒಂದು ಸಲ ಹಾಕಿ ತಿಂಗಳ ನಂತರ ಇನ್ನೊಂದು. ಹೊಸ ಕಾರ್ಡಿನ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇಟ್ಟುಕೊಳ್ಳಿ, ಮತ್ತು ಮುಂದಿನ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನವೇ ಬರೆದುಬಿಡಿ.